ಎರಡನೇ ವಾರದ ಕಾಯಿಲೆ

2021ರ ಮೇ ತಿಂಗಳಲ್ಲಿ, ಕೋವಿಡ್‌ನ ಎರಡನೇ ಅಲೆಯ ನಡುವೆ, ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯ ಬಳಿ ಸಾವಿರ ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆಗೆ ಸಿದ್ಧತೆ ನಡೆಯಿತು. ಉಕ್ಕು ಮಾಡಲು ತಯಾರಾಗುತ್ತಿದ್ದ ಆಮ್ಲಜನಕ ಪೈಪಿನಲ್ಲಿ ನೇರವಾಗಿ ರೋಗಿಯ ಹಾಸಿಗೆಗೇ ಬರುವ ಏರ್ಪಾಡು ಅದು. ಆ ದಿನಗಳಲ್ಲಿ ಕಂಪ್ಲಿ, ಸಂಡೂರು, ಹೊಸಪೇಟೆಯ ಮನೆಮನೆಗಳಲ್ಲಿ ಒಂದೇ ಬಗೆಯ ಮಾತು: ‘ಜ್ವರ ಇಳಿದಿತ್ತು, ಊಟ ಮಾಡ್ತಿದ್ರು, ವಾರ ಕಳೆದ ಮೇಲೆ ಒಮ್ಮೆಲೇ ದಮ್ಮು ಹತ್ತಿತು.’

ರೋಗದ ಗುಟ್ಟು ಈ ಮಾತಿನಲ್ಲೇ ಇದೆ. ಕೋವಿಡ್‌ನಲ್ಲಿ ಗಂಟಲಲ್ಲಿ ವೈರಸ್ ಹೆಚ್ಚಿರುವುದು ಜ್ವರ ಶುರುವಾಗುವ ಆಸುಪಾಸಿನಲ್ಲಿ. ಉಸಿರು ಕಟ್ಟುವುದು ಬಹುತೇಕ ಎರಡನೇ ವಾರಕ್ಕೆ, ವೈರಸ್ ಇಳಿಮುಖವಾಗುವ ಹೊತ್ತಿಗೆ. ಶತ್ರು ಕಡಿಮೆಯಾದಂತೆ ಹಾನಿ ಹೆಚ್ಚುವುದಾದರೆ ಹಾನಿ ಮಾಡುತ್ತಿರುವವರು ಯಾರು?

ವೈರಸ್ಸಿನ ಸ್ಪೈಕ್ ಪ್ರೋಟೀನು ಜೀವಕೋಶದ ಎಸಿಇ2 ಗ್ರಾಹಕವನ್ನು ಹಿಡಿದು ಒಳನುಗ್ಗುತ್ತದೆ ಎಂಬುದನ್ನು ಎಲ್ಲರೂ ಕೇಳಿದ್ದೇವೆ. ಒಳಹೊಕ್ಕ ಮೇಲಿನ ಆಟ ಅಷ್ಟಾಗಿ ಕೇಳಿದ್ದಲ್ಲ. ವೈರಸ್ಸಿನ ಎನ್‌ಎಸ್‌ಪಿ1 ಎಂಬ ಪ್ರೋಟೀನು ಜೀವಕೋಶದ ಸ್ವಂತ ಪ್ರೋಟೀನು ತಯಾರಿಕೆಯನ್ನೇ ತಡೆಯುತ್ತದೆ. ನೆರೆಯ ಕೋಶಗಳನ್ನು ಎಚ್ಚರಿಸಬೇಕಾದ ಇಂಟರ್‌ಫೆರಾನ್ ಇದರಿಂದ ತಡವಾಗಿ ಹೊರಡುತ್ತದೆ. ಅಷ್ಟರೊಳಗೆ ವೈರಸ್ ತನ್ನ ಸಂತಾನ ಬೆಳೆಸಿರುತ್ತದೆ. ಒಳಗಿನ ಏರುಪೇರನ್ನು ಪತ್ತೆಹಚ್ಚಲು ನಮ್ಮ ರಕ್ಷಣಾ ಕೋಶಗಳಲ್ಲಿ ಎನ್‌ಎಲ್‌ಆರ್‌ಪಿ3 ಎಂಬ ಕಾವಲೊಂದಿದೆ. ಕೊರೊನಾದ ಓಆರ್‌ಎಫ್3ಎ ಪ್ರೋಟೀನು ಅದನ್ನು ಕೆಣಕುತ್ತದೆ ಎಂದು ಪ್ರಯೋಗಾಲಯಗಳು ತೋರಿಸಿವೆ. ಫ್ಲೂ ವೈರಸ್ಸಿನ ಎಂ2 ಪ್ರೋಟೀನು ಇದನ್ನೇ ಮಾಡುವುದು 2010ರಲ್ಲೇ ತಿಳಿದಿತ್ತು. ಕಾವಲು ಎಚ್ಚೆತ್ತರೆ ಉರಿಯೂತದ ಸಂದೇಶ ಹೊತ್ತ ಇಂಟರ್‌ಲ್ಯೂಕಿನ್-1 ಬೀಟಾ ಹೊರಬೀಳುತ್ತದೆ, ಇಂಟರ್‌ಲ್ಯೂಕಿನ್-6ರಂಥವು ಬೆನ್ನಿಗೆ ಬರುತ್ತವೆ. ಉರಿಯೂತ ಎಬ್ಬಿಸಿ ವೈರಸ್ಸಿಗೆ ಆಗಬೇಕಾದ್ದೇನೂ ಇಲ್ಲ. ಸಂತಾನ ಬೆಳೆಸಲು ಅದು ಮಾಡುವ ಕೆಲಸವೇ ನಮ್ಮ ಕಾವಲಿಗೆ ಅಪಾಯವಾಗಿ ಕಾಣುತ್ತದೆ.

ಮುಂದೇನಾಗುತ್ತದೆ ಎಂಬುದು ಕಂಪ್ಲಿಯವರಿಗೆ ಸುಲಭವಾಗಿ ಅರ್ಥವಾದೀತು. ಊರಲ್ಲಿ ಹನಿ ಮಳೆ ಬೀಳದಿದ್ದರೂ ಗಂಗಾವತಿ ರಸ್ತೆಯ ಸೇತುವೆ ಮುಳುಗುತ್ತದೆ. ಮಲೆನಾಡಿನ ಮಳೆಗೆ ತುಂಗಭದ್ರಾ ಜಲಾಶಯ ತುಂಬಿ, ಅಣೆಕಟ್ಟು ಉಳಿಯಲೆಂದು ಗೇಟು ತೆಗೆದಿರುತ್ತಾರೆ. ಶ್ವಾಸಕೋಶದಲ್ಲೂ ದಾರಿ ತೆರೆಯುವುದು ರಕ್ಷಣೆಗೆಂದೇ. ರಕ್ಷಣಾ ಕೋಶಗಳು ಸೋಂಕಿನ ಜಾಗ ತಲುಪಲೆಂದು ಸೂಕ್ಷ್ಮ ರಕ್ತನಾಳಗಳ ಗೋಡೆ ಸಡಿಲಾಗುತ್ತದೆ. ಅತಿಯಾದರೆ ಅದೇ ದಾರಿಯಲ್ಲಿ ರಕ್ತದ ದ್ರವ ಗಾಳಿಚೀಲಗಳಿಗೆ ಸೋರುತ್ತದೆ, ಆಮ್ಲಜನಕ ರಕ್ತಕ್ಕೆ ದಾಟುವುದು ಕಷ್ಟವಾಗುತ್ತದೆ.

ಎನ್‌ಎಲ್‌ಆರ್‌ಪಿ3 ಕಾವಲು ವೈರಸ್ಸಿಗೆಂದೇ ಇರುವುದಲ್ಲ. ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರಿನೊಡನೆ ಬೆಣಚುಕಲ್ಲಿನ ಪದರಗಳೂ ಇವೆ. ಅಂಥ ಕಲ್ಲು ಪುಡಿಯಾದಾಗ ಏಳುವ ಸಿಲಿಕಾ ಹರಳುಗಳೂ ಎನ್‌ಎಲ್‌ಆರ್‌ಪಿ3ಯನ್ನೇ ಎಬ್ಬಿಸುತ್ತವೆ ಎಂದು 2008ರ ಸಂಶೋಧನೆಗಳು ತೋರಿಸಿದವು. ಕಲ್ಲುಧೂಳಿನ ಕೆಲಸದವರನ್ನು ಕಾಡುವ ಸಿಲಿಕೋಸಿಸ್‌ನಲ್ಲೂ ಈ ಕಾವಲಿನ ಪಾಲಿದೆ. ಜೀವವಿರುವ ಶತ್ರುವೋ ಜೀವವಿಲ್ಲದ ಧೂಳೋ, ಮೊಳಗುವ ಎಚ್ಚರಿಕೆ ಒಂದೇ. ವೈರಸ್ ಹತ್ತಾರು ದಿನದಲ್ಲಿ ಹೋದೀತು. ಎದೆಯಲ್ಲಿ ಕೂತ ಧೂಳು ಹೋಗುವುದಿಲ್ಲ.

ಹಾನಿ ನಮ್ಮದೇ ಪ್ರತಿಕ್ರಿಯೆಯಿಂದ ಆಗುತ್ತಿದ್ದರೆ ಮದ್ದಿನ ಗುಣ ಅದನ್ನು ಕೊಡುವ ಹೊತ್ತನ್ನು ಅವಲಂಬಿಸಿರುತ್ತದೆ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ಇದನ್ನು ಲೆಕ್ಕದಲ್ಲಿ ತೋರಿಸಿತು. ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಸುಮಾರು ಮೂರನೇ ಒಂದರಷ್ಟು, ಬರೀ ಆಮ್ಲಜನಕ ಪಡೆಯುತ್ತಿದ್ದವರ ಸಾವನ್ನು ಐದನೇ ಒಂದರಷ್ಟು ತಗ್ಗಿಸಿತು. ಆಮ್ಲಜನಕ ಬೇಡದವರಿಗೆ ಏನೂ ಉಪಯೋಗವಾಗಲಿಲ್ಲ. ಈ ಅಗ್ಗದ ಮಾತ್ರೆ ವೈರಸ್ಸನ್ನು ಕೊಲ್ಲುವುದಿಲ್ಲ, ನಮ್ಮ ಕಾವಲನ್ನು ತಣಿಸುತ್ತದೆ. ವೈರಸ್ ಬೆಳೆಯುತ್ತಿರುವ ಮೊದಲ ದಿನಗಳಲ್ಲಿ ಕಾವಲು ಎಚ್ಚರವಾಗಿರಲೇಬೇಕು. ಹಾಗಿದ್ದೂ ಎರಡನೇ ಅಲೆಯಲ್ಲಿ ಜ್ವರ ಬಂದ ದಿನವೇ ಸ್ಟೀರಾಯ್ಡ್ ನುಂಗಿದವರಿದ್ದರು. ಸಕ್ಕರೆ ಕಾಯಿಲೆಯ ಜೊತೆ ಸ್ಟೀರಾಯ್ಡಿನ ಅತಿಬಳಕೆಯೂ ಸೇರಿ ಕಪ್ಪು ಶಿಲೀಂಧ್ರದ ಸೋಂಕಿಗೆ ದಾರಿಯಾಯಿತು.

ನಮ್ಮಲ್ಲಿ ಮದ್ದೆಂದರೆ ಒಳ್ಳೆಯದು ಅಥವಾ ಕೆಟ್ಟದ್ದು, ಎರಡೇ ಪಂಗಡ. ಕೋವಿಡ್ ಕಲಿಸಿದ್ದು ಮೂರನೆಯದನ್ನು: ಒಂದೇ ಮಾತ್ರೆ ಮೂರನೇ ದಿನ ತೊಡಕು, ಹತ್ತನೇ ದಿನ ಜೀವದಾನ. ಮುಂದೆ ಯಾವ ವೈರಸ್ ಬಂದರೂ ‘ಯಾವ ಮಾತ್ರೆ’ ಎಂದು ಮೆಡಿಕಲ್ ಶಾಪಿನಲ್ಲಿ ವಿಚಾರಿಸುವ ಮುನ್ನ ‘ಜ್ವರ ಬಂದು ಎಷ್ಟು ದಿನ, ರಕ್ತದ ಆಮ್ಲಜನಕದ ಸ್ಯಾಚುರೇಶನ್ ಎಷ್ಟು’ ಎಂದು ಕೇಳುವ ರೂಢಿ ಬೆಳೆಯಬೇಕು. ಅದಕ್ಕೆ ಬೇಕಾದ್ದು ಬೆರಳಿಗೆ ಸಿಕ್ಕಿಸುವ ಒಂದು ಆಕ್ಸಿಮೀಟರ್, ದಿನ ಎಣಿಸುವ ಒಂದು ಕ್ಯಾಲೆಂಡರ್. ಎರಡೂ ಪ್ರತಿ ಹಳ್ಳಿಯಲ್ಲಿ ಇರಬಹುದಾದ ವಸ್ತುಗಳೇ.