ಒಡೆಯದೆ ನೋಡುವ ಪರೀಕ್ಷೆ

ಮನೆಯ ಮಾಡಿಗೆ ಹಂಚು ಕೊಳ್ಳಲೆಂದು ಕೋಲಾರದಿಂದ ಮಾಲೂರಿಗೆ ಹೋಗಿದ್ದೆ. ಹಂಚು, ಇಟ್ಟಿಗೆಗಳಿಗೆ ಹೆಸರಾದ ಊರು ಅದು. ಗೂಡಿನ ಬಳಿ ಹಿರಿಯ ಕೆಲಸಗಾರನೊಬ್ಬ ಒಂದೊಂದೇ ಹಂಚನ್ನು ಎತ್ತಿ, ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದ. ‘ಠಣ್’ ಎಂದುದು ಈ ಕಡೆಗೆ, ‘ದಬ್’ ಎಂದುದು ಆ ಕಡೆಗೆ. ಆ ಕಡೆಯ ಹಂಚಿನಲ್ಲಿ ನನ್ನ ಕಣ್ಣಿಗೆ ಬಿರುಕೇನೂ ಕಾಣಲಿಲ್ಲ.

ಕಿವಿಯ ಈ ವಿದ್ಯೆಯನ್ನು ವಿಜ್ಞಾನವು ಬಹುದೂರ ಬೆಳೆಸಿದೆ. 1986ರಲ್ಲಿ ಬೆಡ್ನೋರ್ಜ್ ಮತ್ತು ಮ್ಯೂಲರ್ ಎಂಬ ವಿಜ್ಞಾನಿಗಳು, ಪಿಂಗಾಣಿಯ ಜಾತಿಯ ವಸ್ತುವೊಂದನ್ನು ಬಹಳವಾಗಿ ತಣಿಸಿದರೆ ಅದು ರೋಧವಿಲ್ಲದೆ ವಿದ್ಯುತ್ತನ್ನು ಹರಿಯಗೊಡುವುದನ್ನು ಕಂಡರು. 1987ರಲ್ಲಿ ಯಿಟ್ರಿಯಂ, ಬೇರಿಯಂ, ತಾಮ್ರ, ಆಮ್ಲಜನಕಗಳು ಕೂಡಿದ ವಸ್ತುವಿಗೆ ದ್ರವ ಸಾರಜನಕದ ತಂಪೇ ಸಾಕೆಂದು ತಿಳಿಯಿತು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆರ್. ರಾವ್ ಅವರೂ ಅವರ ಸಂಗಡಿಗರೂ ಇಂಥ ಅತಿವಾಹಕಗಳ ಶೋಧದಲ್ಲಿ ತೊಡಗಿದ್ದರು.

ಈ ಅತಿವಾಹಕವೂ ಹಂಚಿನಂತೆಯೇ ಹುಟ್ಟುತ್ತದೆ. ಪುಡಿಯನ್ನು ಅಚ್ಚಿನಲ್ಲಿ ಒತ್ತಿ, 900 ಡಿಗ್ರಿಗೂ ಮಿಕ್ಕ ಕಾವಿನಲ್ಲಿ ಸುಡಬೇಕು. ಒಳಗೆ ಬಿರುಕೊಂದು ಉಳಿದರೆ ಪ್ರವಾಹಕ್ಕೆ ಅಲ್ಲಿಯೇ ಅಡ್ಡಿ. ಒಡೆದು ನೋಡೋಣವೆಂದರೆ, ತಿಳಿಯುವುದು ಒಡೆದುದರ ಗುಣವೇ ಹೊರತು ಉಳಿದುದರದಲ್ಲ. ಆದುದರಿಂದ ಸೆಕೆಂಡಿಗೆ ಲಕ್ಷಗಟ್ಟಲೆ ಬಾರಿ ಕಂಪಿಸುವ, ನಮ್ಮ ಕಿವಿಗೆ ಕೇಳದ ಧ್ವನಿಯನ್ನು ಅದರೊಳಕ್ಕೆ ಕಳುಹುತ್ತಾರೆ. ಬಿರುಕಿದ್ದರೆ ಆ ಧ್ವನಿ ಆಚೆಯ ಬದಿಯನ್ನು ಮುಟ್ಟುವ ಮೊದಲೇ ಮಾರ್ದನಿಯಾಗಿ ಹಿಂದಿರುಗುತ್ತದೆ. ಸಣ್ಣ ರಂಧ್ರಗಳು ತುಂಬಿದ್ದರೆ ಅದರ ವೇಗ ಕುಗ್ಗುತ್ತದೆ. ಲೋಹಗಳ ಪರೀಕ್ಷೆಯಲ್ಲಿ ಧ್ವನಿಯನ್ನು ದಾಟಿಸಲು ನಡುವೆ ನೀರನ್ನು ಬಳಸುವುದುಂಟು. ಈ ವಸ್ತುವನ್ನು ನೀರು ಕೆಡಿಸುವುದರಿಂದ ಇಲ್ಲಿ ಆ ಉಪಾಯ ಸಲ್ಲದು. ಪರೀಕ್ಷೆಯೇ ವಸ್ತುವಿಗೆ ಕೇಡಾಗಬಾರದಷ್ಟೆ!

ಸುಡುವ ಮುನ್ನವೂ ಹೀಗೆ ನೋಡಬಹುದು. ಪುಡಿ ಒಂದೆಡೆ ಬಿಗಿಯಾಗಿ, ಇನ್ನೊಂದೆಡೆ ಸಡಿಲವಾಗಿ ಒತ್ತಿದ್ದರೆ ಧ್ವನಿಯ ವೇಗವೇ ಅದನ್ನು ಹೇಳುತ್ತದೆ. ಇದರ ಬೆಲೆಯನ್ನು ಮಾಲೂರಿನ ಹಿರಿಯ ಒಂದೇ ಮಾತಿನಲ್ಲಿ ತಿಳಿಸಿದ: “ಹಸೀಲಿ ಕಂಡ್ರೆ ಮತ್ತೆ ಮಣ್ಣು ಸ್ವಾಮಿ; ಸುಟ್ಟಮೇಲೆ ಕಂಡ್ರೆ ಬರೀ ಚೂರು.”

ಹಿಂದಿರುಗುವಾಗ ಆ ಮಾತು ನನ್ನನ್ನು ಬಿಡಲಿಲ್ಲ. ಪರೀಕ್ಷಿಸುವುದು ನನ್ನ ವೃತ್ತಿಯೂ ಹೌದು. ಕಳೆದ ವರ್ಷ ಶ್ರೀನಿವಾಸಪುರದ ಕಡೆಯ ಹುಡುಗನೊಬ್ಬ ಪ್ರಶ್ನೆಗೆ ಉತ್ತರ ಹೇಳದೆ ನಿಂತಾಗ, ತರಗತಿಯೆಲ್ಲ ನಗುವಂತೆ ಹಂಗಿಸಿದ್ದೆ. ಮರುದಿನದಿಂದ ಆತ ಕಾಲೇಜಿಗೆ ಬರಲಿಲ್ಲ. ಅವನಿಗೆ ಎಷ್ಟು ತಿಳಿದಿತ್ತೆಂಬುದು ನನಗೆ ಇಂದಿಗೂ ಗೊತ್ತಿಲ್ಲ. ಮೆಲ್ಲನೆ ತಟ್ಟಿ ಕೇಳಬಹುದಾಗಿತ್ತು.