ಗುಣವಾದ ಮೇಲೂ ಉಳಿಯುವ ಬೇನೆ

ಕಾಯಿಲೆ ಬಿದ್ದ ಮನುಷ್ಯನನ್ನು ಕಾಡುವ ಮೊದಲ ಪ್ರಶ್ನೆ, ತಾನು ಉಳಿಯುವೆನೇ ಎಂಬುದು. ಸಿರಿವಂತಿಕೆಗೆ ಹೆಸರಾದ ಅಮೆರಿಕದಲ್ಲಿ ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಏಳುತ್ತದೆ: ಉಳಿದರೆ ಆಸ್ಪತ್ರೆಯ ಬಿಲ್ ತೀರಿಸುವುದು ಹೇಗೆ? ಆಂಬ್ಯುಲೆನ್ಸ್ ಕರೆಸಲು ಹಿಂಜರಿಯುವವರು, ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಅರ್ಧಕ್ಕೆ ಮುರಿದು ನುಂಗುವವರು, ಎದೆನೋವನ್ನು ವಾಯುವೆಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುವವರು ಆ ನಾಡಿನಲ್ಲೂ ಇದ್ದಾರೆ. ಅಲ್ಲಿ ಔಷಧಕ್ಕೆ ಕೊರತೆಯಿಲ್ಲ, ತಜ್ಞರಿಗೆ ಕೊರತೆಯಿಲ್ಲ. ಜನರನ್ನು ಹೆದರಿಸುತ್ತಿರುವುದು ಬೆಲೆ.

ಅಂಕಿಅಂಶಗಳೇ ಈ ವಿಪರ್ಯಾಸವನ್ನು ಸಾರುತ್ತವೆ. 2023ರಲ್ಲಿ ಅಮೆರಿಕ ಆರೋಗ್ಯಕ್ಕಾಗಿ ವೆಚ್ಚ ಮಾಡಿದ ಹಣ ಸುಮಾರು 4.9 ಲಕ್ಷ ಕೋಟಿ ಡಾಲರ್. ಎಂದರೆ ತಲೆಗೆ 14,570 ಡಾಲರ್; ದೇಶದ ಒಟ್ಟು ಉತ್ಪನ್ನದಲ್ಲಿ ಶೇ. 17.6. ಬೇರಾವ ರಾಷ್ಟ್ರವೂ ಇಷ್ಟು ವ್ಯಯಿಸುವುದಿಲ್ಲ. ಆದರೂ ಅದೇ ವರ್ಷ ಅಲ್ಲಿನ ಜನರ ಸರಾಸರಿ ಆಯುಷ್ಯ 78.4 ವರ್ಷ ಮಾತ್ರ. ಜಪಾನ್, ಸ್ವಿಟ್ಜರ್ಲೆಂಡ್, ಸ್ಪೇನ್ ದೇಶದವರು ಅವರಿಗಿಂತ ಹಲವು ವರ್ಷ ಹೆಚ್ಚು ಬಾಳುತ್ತಾರೆ. ಇದೇ ಅವಧಿಯಲ್ಲಿ ಅಲ್ಲಿನ ಸುಮಾರು 2.6 ಕೋಟಿ ಜನರಿಗೆ ಯಾವ ಆರೋಗ್ಯ ವಿಮೆಯೂ ಇರಲಿಲ್ಲ. 2022ರಲ್ಲಿ ನಡೆದ ಒಂದು ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ. 41 ಮಂದಿ ಚಿಕಿತ್ಸೆಯ ಕಾರಣಕ್ಕೆ ಒಂದಲ್ಲ ಒಂದು ಬಗೆಯ ಸಾಲ ಹೊತ್ತವರು.

ಅಮೆರಿಕದವರು ಹೆಚ್ಚು ಕಾಯಿಲೆ ಬೀಳುತ್ತಾರೆ, ಹೆಚ್ಚು ಸಲ ಆಸ್ಪತ್ರೆ ಸೇರುತ್ತಾರೆ, ಆದ್ದರಿಂದ ವೆಚ್ಚ ಹೆಚ್ಚು ಎಂದು ಹಲವರು ಭಾವಿಸುವುದುಂಟು. ಇದು ಸರಿಯಲ್ಲವೆಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಊವೆ ರೈನ್‌ಹಾರ್ಟ್ ಮತ್ತು ಅವರ ಸಂಗಡಿಗರು 2003ರಲ್ಲೇ ತೋರಿಸಿಕೊಟ್ಟರು. ಇತರ ಸಿರಿವಂತ ದೇಶಗಳಿಗೆ ಹೋಲಿಸಿದಾಗ ಅಲ್ಲಿ ಹೆಚ್ಚಾಗಿರುವುದು ಮುಖ್ಯವಾಗಿ ಚಿಕಿತ್ಸೆಯ ಪ್ರಮಾಣವಲ್ಲ, ಚಿಕಿತ್ಸೆಯ ಬೆಲೆ. ಒಟ್ಟು ವೆಚ್ಚದಲ್ಲಿ ಶೇ. 31ರಷ್ಟು ಆಸ್ಪತ್ರೆಗಳಿಗೇ ಸಲ್ಲುತ್ತದೆ.

ಈ ಬೆಲೆ ನಿಗದಿಯಾಗುವ ರೀತಿಯೂ ವಿಚಿತ್ರ. ಪ್ರತಿ ಆಸ್ಪತ್ರೆಯಲ್ಲಿಯೂ 'ಚಾರ್ಜ್‌ಮಾಸ್ಟರ್' ಎಂಬ ದರಪಟ್ಟಿಯಿರುತ್ತದೆ. ಅದರಲ್ಲಿನ ದರಗಳು ನಿಜವಾದ ಖರ್ಚಿಗಿಂತ ಬಹಳ ಮೇಲಿರುತ್ತವೆ. ದೊಡ್ಡ ವಿಮಾ ಕಂಪೆನಿಗಳು ಚೌಕಾಸಿ ಮಾಡಿ ಆ ದರವನ್ನು ಇಳಿಸಿಕೊಳ್ಳುತ್ತವೆ. ಸರಕಾರ ತನ್ನ ದರವನ್ನು ತಾನೇ ಗೊತ್ತುಮಾಡುತ್ತದೆ. ಚೌಕಾಸಿ ಮಾಡುವ ಬಲವಿಲ್ಲದ ಬಡಪಾಯಿಯ ಕೈಗೆ ಮಾತ್ರ ಪೂರ್ಣ ದರದ ಬಿಲ್ ಬರುತ್ತದೆ. 2021ರ ಜನವರಿಯಿಂದ ಆಸ್ಪತ್ರೆಗಳು ತಮ್ಮ ದರಗಳನ್ನು ಬಹಿರಂಗಪಡಿಸಬೇಕೆಂಬ ನಿಯಮ ಜಾರಿಗೆ ಬಂದಿತು. ಆಗ, ಒಂದೇ ಆಸ್ಪತ್ರೆಯಲ್ಲಿ ಒಂದೇ ಪರೀಕ್ಷೆಗೆ ಒಬ್ಬೊಬ್ಬರಿಗೆ ಒಂದೊಂದು ಬೆಲೆಯೆಂಬ ಸಂಗತಿ ಜಗಜ್ಜಾಹೀರಾಯಿತು. ಸಂತೆಯಲ್ಲಿ ತರಕಾರಿ ಮಾರುವವಳು ಕೂಡ ಇಷ್ಟು ಭೇದ ಮಾಡಲಾರಳು.

ವಿಮೆಯಿದ್ದವರೂ ನಿಶ್ಚಿಂತರಲ್ಲ. ವರ್ಷಕ್ಕೆ ಇಷ್ಟು ಮೊತ್ತವನ್ನು ಮೊದಲು ತಾವೇ ಕೈಯಿಂದ ತೆರಬೇಕು. ಆನಂತರವಷ್ಟೇ ವಿಮೆಯ ಹೊಣೆ. ಇದಕ್ಕೆ 'ಡಿಡಕ್ಟಿಬಲ್' ಎಂದು ಹೆಸರು. ಅದರ ಮೇಲೆ ಪ್ರತಿ ಭೇಟಿಗೂ ಒಂದು ಪಾಲು. ವಿಮಾ ಕಂಪೆನಿಯ ಪಟ್ಟಿಯಲ್ಲಿಲ್ಲದ ವೈದ್ಯರ ಬಳಿಗೆ ಹೋದರೆ ಇನ್ನಷ್ಟು ದಂಡ. 2024ರಲ್ಲಿ ಉದ್ಯೋಗದಾತರ ಮೂಲಕ ದೊರೆಯುವ ಕುಟುಂಬ ವಿಮೆಯ ಸರಾಸರಿ ವಾರ್ಷಿಕ ಕಂತು 25,572 ಡಾಲರ್ ಆಗಿತ್ತು. ಅದರಲ್ಲಿ ನೌಕರನ ಸಂಬಳದಿಂದ ಮುರಿದುಕೊಂಡದ್ದು 6,296 ಡಾಲರ್.

ಆರೋಗ್ಯವು ನೌಕರಿಗೆ ಹೀಗೆ ಗಂಟುಬಿದ್ದದ್ದು ಯಾರೋ ಆಲೋಚಿಸಿ ರೂಪಿಸಿದ ಯೋಜನೆಯಿಂದಲ್ಲ. 1929ರಲ್ಲಿ ಡಲ್ಲಾಸ್ ನಗರದ ಬೇಲರ್ ಆಸ್ಪತ್ರೆ ಅಲ್ಲಿನ ಶಾಲಾ ಶಿಕ್ಷಕರೊಡನೆ ಒಂದು ಒಪ್ಪಂದ ಮಾಡಿಕೊಂಡಿತು: ತಿಂಗಳಿಗೆ 50 ಸೆಂಟ್ ಕೊಟ್ಟರೆ ವರ್ಷಕ್ಕೆ 21 ದಿನಗಳ ಆಸ್ಪತ್ರೆವಾಸ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಸರಕಾರ ಸಂಬಳ ಏರಿಕೆಗೆ ತಡೆ ಹಾಕಿದಾಗ, ಕೆಲಸಗಾರರನ್ನು ಸೆಳೆಯಲು ಕಂಪೆನಿಗಳು ವಿಮೆಯನ್ನು ಮುಂದಿಟ್ಟವು. ಅದಕ್ಕೆ ತೆರಿಗೆ ವಿನಾಯಿತಿಯೂ ಕೂಡಿಕೊಂಡಿತು. ಎಲ್ಲ ಪ್ರಜೆಗಳಿಗೂ ರಾಷ್ಟ್ರೀಯ ವಿಮೆ ಬೇಕೆಂದು ಅಧ್ಯಕ್ಷ ಟ್ರೂಮನ್ 1945ರಲ್ಲಿ ಮಂಡಿಸಿದ ಪ್ರಸ್ತಾಪ ಬಿದ್ದುಹೋಯಿತು. 1965ರಲ್ಲಿ ಅಧ್ಯಕ್ಷ ಜಾನ್ಸನ್ ವೃದ್ಧರಿಗಾಗಿ ಮೆಡಿಕೇರ್, ಬಡವರಿಗಾಗಿ ಮೆಡಿಕೇಡ್ ಎಂಬ ಯೋಜನೆಗಳಿಗೆ ಸಹಿ ಹಾಕಿದರು. ಮೆಡಿಕೇರ್‌ನ ಮೊದಲ ಕಾರ್ಡನ್ನು ಮುದುಕರಾಗಿದ್ದ ಟ್ರೂಮನ್‌ರಿಗೇ ನೀಡಿದರು. ನಡುವಯಸ್ಸಿನ ದುಡಿಯುವ ಜನ ಮಾತ್ರ ನೌಕರಿಯ ಹಂಗಿನಲ್ಲೇ ಉಳಿದರು. ನೌಕರಿ ಹೋದ ದಿನ ವಿಮೆಗೂ ಕುತ್ತು. ಕಾಯಿಲೆಯ ಕಾರಣಕ್ಕೇ ನೌಕರಿ ಹೋದವನ ಪಾಡನ್ನು ವಾಚಕರೇ ಊಹಿಸಿಕೊಳ್ಳಬಹುದು.

ಇನ್ಸುಲಿನ್ನಿನ ಕಥೆಯಂತೂ ಮನಸ್ಸನ್ನು ಕಲಕುವಂಥದ್ದು. ಕೆನಡಾದ ಬ್ಯಾಂಟಿಂಗ್ ಮತ್ತು ಅವರ ಸಂಗಡಿಗರು ಈ ಔಷಧವನ್ನು ಕಂಡುಹಿಡಿದಾಗ, ಅದರ ಹಕ್ಕನ್ನು ತಲಾ ಒಂದು ಡಾಲರಿಗೆ ಟೊರೊಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಜೀವ ಉಳಿಸುವ ವಸ್ತುವಿನಿಂದ ಯಾರೂ ಲಾಭ ದೋಚಬಾರದೆಂಬುದು ಅವರ ಆಶಯ. ಅಮೆರಿಕದಲ್ಲಿ 1996ರಲ್ಲಿ ಮಾರುಕಟ್ಟೆಗೆ ಬಂದಾಗ ಸೀಸೆಗೆ ಸುಮಾರು 21 ಡಾಲರ್ ಇದ್ದ ಒಂದು ಬಗೆಯ ಇನ್ಸುಲಿನ್, ಎರಡು ದಶಕಗಳಲ್ಲಿ 275 ಡಾಲರ್ ಮುಟ್ಟಿತು. ಸೀಸೆಯೊಳಗಿದ್ದ ಔಷಧ ಅದೇ. ಬೆಲೆ ತಾಳಲಾರದೆ ಚುಚ್ಚುಮದ್ದಿನ ಪ್ರಮಾಣವನ್ನು ತಾವೇ ತಗ್ಗಿಸಿಕೊಂಡು ಪ್ರಾಣ ಬಿಟ್ಟ ತರುಣರೂ ಇದ್ದಾರೆ. ಜನರ ಕೂಗಿಗೆ ಮಣಿದು, 2023ರಿಂದ ಮೆಡಿಕೇರ್ ಫಲಾನುಭವಿಗಳಿಗೆ ತಿಂಗಳಿಗೆ 35 ಡಾಲರಿನ ಮಿತಿಯನ್ನು ಕಾನೂನು ವಿಧಿಸಿತು; ಅದೇ ವರ್ಷ ಕಂಪೆನಿಗಳೂ ಬೆಲೆ ಇಳಿಸಿದವು. ಇಳಿಸಲು ಸಾಧ್ಯವಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ವೈದ್ಯವಿದ್ಯೆಗೂ ಸಂಶೋಧನೆಗೂ ಹಣ ಬೇಕೆಂಬ ಸಮಜಾಯಿಷಿಯನ್ನು ನಾವು ತಳ್ಳಿಹಾಕುವುದಿಲ್ಲ. ಜಗತ್ತು ಇಂದು ಬಳಸುತ್ತಿರುವ ಎಷ್ಟೋ ಹೊಸ ಔಷಧಗಳು ಅಮೆರಿಕದ ಪ್ರಯೋಗಶಾಲೆಗಳ ಕೊಡುಗೆ. ಅಲ್ಲಿನ ವೈದ್ಯರು ಓದಿಗಾಗಿ ಮಾಡಿದ ದೊಡ್ಡ ಸಾಲವನ್ನು ಹೊತ್ತೇ ವೃತ್ತಿಗಿಳಿಯುತ್ತಾರೆ. ದುಡಿದವನಿಗೆ ಕೂಲಿ ಸಲ್ಲಲೇಬೇಕು. ಆದರೆ ನ್ಯಾಯವಾದ ಬೆಲೆ ಯಾವುದು ಎಂಬ ಪ್ರಶ್ನೆಯನ್ನು ಹದಿಮೂರನೆಯ ಶತಮಾನದಲ್ಲಿಯೇ ಸಂತ ಥಾಮಸ್ ಅಕ್ವಿನಾಸರು ಎತ್ತಿದ್ದರು. ವಸ್ತುವನ್ನು ಬಿಟ್ಟುಕೊಡುವುದರಿಂದ ಮಾರುವವನಿಗೆ ನಷ್ಟವಿದ್ದರೆ ಅದನ್ನು ಬೆಲೆಯಲ್ಲಿ ಸೇರಿಸಿಕೊಳ್ಳಬಹುದು. ಕೊಳ್ಳುವವನ ಅಗತ್ಯ ದೊಡ್ಡದು ಎಂಬ ಕಾರಣಕ್ಕೇ ಬೆಲೆ ಏರಿಸುವಂತಿಲ್ಲ ಎಂಬುದು ಅವರ ವಿಚಾರ. ಏಕೆಂದರೆ ಆ ಅಗತ್ಯ ಮಾರುವವನ ಸ್ವತ್ತಲ್ಲ. ತನ್ನದಲ್ಲದ್ದನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ಈ ತರ್ಕವನ್ನು ಆಸ್ಪತ್ರೆಯ ಬಾಗಿಲಿಗೆ ತಂದು ನೋಡೋಣ. ಪ್ರಜ್ಞೆ ತಪ್ಪಿ ಗಾಲಿಮಂಚದ ಮೇಲೆ ಮಲಗಿರುವವನು ಅಂಗಡಿಯಿಂದ ಅಂಗಡಿಗೆ ಅಲೆದು ದರ ವಿಚಾರಿಸಲಾರ. ಬೇಡವೆಂದು ಎದ್ದು ಹೋಗಲಾರ. ಆತನ ಪ್ರಾಣಭಯವನ್ನು ಲೆಕ್ಕಕ್ಕೆ ಹಿಡಿದು ಕಟ್ಟಿದ ಬೆಲೆಯನ್ನು ಮಾರುಕಟ್ಟೆಯ ಬೆಲೆಯೆಂದು ಕರೆಯುವುದು ಭಾಷೆಗೆ ಬಗೆದ ಅಪಚಾರ.

ವೈದ್ಯಕೀಯ ಆರೈಕೆ ಮನುಷ್ಯನ ಹಕ್ಕುಗಳಲ್ಲಿ ಒಂದು ಎಂದು ಪೋಪ್ 23ನೆಯ ಜಾನ್ 1963ರ ತಮ್ಮ ವಿಶ್ವಪತ್ರದಲ್ಲಿ ಸ್ಪಷ್ಟವಾಗಿ ಸಾರಿದರು. ಅಮೆರಿಕದ ಧರ್ಮಸಭೆ ಈ ಮಾತಿಗೆ ಬಹಳ ಮೊದಲೇ ಕೃತಿರೂಪ ಕೊಟ್ಟಿತ್ತು. 1828ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಧರ್ಮಭಗಿನಿಯರು ಆಸ್ಪತ್ರೆ ತೆರೆದರು. 1883ರ ಸುಂಟರಗಾಳಿಗೆ ರಾಚೆಸ್ಟರ್ ಪಟ್ಟಣ ತತ್ತರಿಸಿದ ಬಳಿಕ, ಮದರ್ ಆಲ್ಫ್ರೆಡ್ ಮೋಸ್ ಅವರ ಛಲದಿಂದ 1889ರಲ್ಲಿ ಸೇಂಟ್ ಮೇರೀಸ್ ಆಸ್ಪತ್ರೆ ತಲೆಯೆತ್ತಿತು. ವಿಶ್ವವಿಖ್ಯಾತ ಮೇಯೊ ಕ್ಲಿನಿಕ್ ಬೆಳೆದದ್ದು ಅದರ ಆಸರೆಯಲ್ಲಿ. ಇಂದು ಆ ದೇಶದಲ್ಲಿ ಆರುನೂರಕ್ಕೂ ಹೆಚ್ಚು ಕ್ಯಾಥೋಲಿಕ್ ಆಸ್ಪತ್ರೆಗಳಿವೆ; ಏಳು ರೋಗಿಗಳಲ್ಲಿ ಒಬ್ಬರು ಅವುಗಳ ಆಶ್ರಯಕ್ಕೆ ಬರುತ್ತಾರೆ.

ಇಂತಹ ಪರಂಪರೆಯುಳ್ಳ ನಮಗೆ ಬೆರಳನ್ನು ಹೊರಗೆ ಮಾತ್ರ ತೋರಿಸಿ ಸುಮ್ಮನಿರುವ ಅವಕಾಶವಿಲ್ಲ. ಧರ್ಮಭಗಿನಿಯರು ಸ್ಥಾಪಿಸಿದ ಒಂದು ಆಸ್ಪತ್ರೆ ಸಮೂಹ, ಉಚಿತ ಅಥವಾ ರಿಯಾಯಿತಿ ಚಿಕಿತ್ಸೆಗೆ ಅರ್ಹರಾದ ಬಡರೋಗಿಗಳಿಂದಲೂ ಹಣ ವಸೂಲಿ ಮಾಡಿತೆಂದು ವಾಷಿಂಗ್ಟನ್ ರಾಜ್ಯದ ಅಟಾರ್ನಿ ಜನರಲ್ 2022ರಲ್ಲಿ ಮೊಕದ್ದಮೆ ಹೂಡಿದರು. 2024ರ ಫೆಬ್ರುವರಿಯಲ್ಲಿ ಆ ಸಂಸ್ಥೆ 15 ಕೋಟಿ 78 ಲಕ್ಷ ಡಾಲರಿನಷ್ಟು ಹಣವನ್ನು ಮರಳಿಸಲು ಮತ್ತು ಸಾಲ ಮನ್ನಾ ಮಾಡಲು ಒಪ್ಪಿತು. ಬಾಗಿಲ ಮೇಲೆ ಶಿಲುಬೆಯಿದ್ದ ಮಾತ್ರಕ್ಕೆ ಒಳಗಿನ ಲೆಕ್ಕಪುಸ್ತಕ ಪರಿಶುದ್ಧವಾಗದು ಎಂಬ ಪಾಠ ಇದರಲ್ಲಿದೆ. ಆ ಪಾಠ ಅಮೆರಿಕಕ್ಕೆ ಮಾತ್ರ ಸೀಮಿತವೆಂದು ಯಾರೂ ಭಾವಿಸಬಾರದು.

ಸುಧಾರಣೆಯ ಯತ್ನಗಳು ನಡೆದಿಲ್ಲವೆಂದಲ್ಲ. ತುರ್ತು ಸ್ಥಿತಿಯಲ್ಲಿ ಬಂದವರನ್ನು ಹಣವಿಲ್ಲವೆಂದು ಹಿಂದಕ್ಕೆ ಕಳುಹಿಸಕೂಡದೆಂದು 1986ರ ಕಾನೂನು ಹೇಳುತ್ತದೆ. ಮೊದಲೇ ಕಾಯಿಲೆಯಿದ್ದವರಿಗೆ ವಿಮೆ ನಿರಾಕರಿಸುವುದನ್ನು 2010ರ ಒಬಾಮ ಕಾನೂನು ತಡೆಯಿತು. ಆ ಕಾನೂನಿನ ಸಂದರ್ಭದಲ್ಲಿ ಗರ್ಭಪಾತದ ಪ್ರಶ್ನೆಯಿಂದಾಗಿ ಧರ್ಮಾಧ್ಯಕ್ಷರು ವಿರೋಧಿಸಿದರು, ಕ್ಯಾಥೋಲಿಕ್ ಆಸ್ಪತ್ರೆಗಳ ಸಂಘ ಬೆಂಬಲಿಸಿತು. ಬಡವನಿಗೆ ಚಿಕಿತ್ಸೆ ದೊರೆಯಬೇಕೆಂಬುದರಲ್ಲಿ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಆದರೆ 2025ರ ಜುಲೈಯಲ್ಲಿ ಅಂಗೀಕೃತವಾದ ಕಾನೂನು ಮೆಡಿಕೇಡ್ ನೆರವನ್ನು ಮೊಟಕುಗೊಳಿಸಿತು. ಅದರಿಂದಾಗಿ 2034ರ ವೇಳೆಗೆ ಇನ್ನೂ ಒಂದು ಕೋಟಿ ಜನ ವಿಮೆ ಕಳೆದುಕೊಳ್ಳುವರೆಂದು ಅಲ್ಲಿನ ಸಂಸತ್ತಿನ ಬಜೆಟ್ ಕಚೇರಿಯೇ ಅಂದಾಜಿಸಿದೆ.

ಅನ್ಯಾಯ ಬಹುಕಾಲ ಉಳಿದಾಗ ಜನರ ಮನಸ್ಸು ಹೇಗೆ ಕಹಿಯಾಗುತ್ತದೆಂಬುದಕ್ಕೂ ಅಲ್ಲಿ ನಿದರ್ಶನವಿದೆ. 2024ರ ಡಿಸೆಂಬರ್ 4ರಂದು ನ್ಯೂಯಾರ್ಕಿನ ಬೀದಿಯಲ್ಲಿ ದೊಡ್ಡ ವಿಮಾ ಕಂಪೆನಿಯೊಂದರ ಮುಖ್ಯಸ್ಥರು ಗುಂಡಿಗೆ ಬಲಿಯಾದರು. ಆ ಸಾವಿಗೆ ಮರುಗುವ ಬದಲು ಸಂತೋಷಪಟ್ಟವರು ಅನೇಕರು. ಎರಡು ಮಕ್ಕಳ ತಂದೆಯ ಕೊಲೆಯನ್ನು ನಾವು ಯಾವ ಕಾರಣಕ್ಕೂ ಸಮರ್ಥಿಸಲಾರೆವು. ಹಾಗೆಯೇ, ಆ ಸಂತೋಷದ ಹಿಂದಿದ್ದ ನೋವಿಗೆ ಕಿವುಡರಾಗಿರಲೂ ಆರೆವು.

ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲಿ ನೆಲೆಸಿರುವುದರಿಂದ ಈ ವಿಚಾರ ನಮ್ಮ ಹೊಸ್ತಿಲಿನದೂ ಹೌದು. ಮಗಳ ಬಾಣಂತನಕ್ಕೆಂದೋ ಮೊಮ್ಮಗುವಿನ ಜ್ಞಾನಸ್ನಾನಕ್ಕೆಂದೋ ಹೊರಡುವ ಹಿರಿಯರು ಕೆಲವು ಸಂಗತಿಗಳನ್ನು ಅರಿತಿರಬೇಕು. ಸಂದರ್ಶಕರಾಗಿ ಹೋದವರಿಗೆ ಮೆಡಿಕೇರ್ ಸಿಗದು. ಕಾಯಂ ವಾಸದ ಪರವಾನಿಗೆ ಪಡೆದ ಹಿರಿಯರೂ ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಪ್ರಯಾಣದ ವಿಮೆ ಕೊಳ್ಳುವಾಗ, ಮೊದಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಅದು ಅನ್ವಯಿಸುವುದೇ ಎಂಬುದನ್ನು ಓದಿ ತಿಳಿಯಬೇಕು. ಅಗ್ಗದ ವಿಮೆಗಳು ಅವನ್ನೇ ಹೊರಗಿಟ್ಟಿರುತ್ತವೆ. ಅಲ್ಲಿರುವ ಮಕ್ಕಳು, ಬಿಲ್ ಬಂದೊಡನೆ ಹೆದರಿ ಕ್ರೆಡಿಟ್ ಕಾರ್ಡಿನಿಂದ ತೀರಿಸುವ ಮೊದಲು, ಪ್ರತಿ ಬಾಬ್ತಿನ ವಿವರವುಳ್ಳ ಬಿಲ್ ಕೇಳಲಿ. ಲಾಭರಹಿತ ಆಸ್ಪತ್ರೆಗಳು ಆರ್ಥಿಕ ನೆರವಿನ ಲಿಖಿತ ನೀತಿಯನ್ನು ಹೊಂದಿರಲೇಬೇಕು. ಮೊದಲ ಬಿಲ್ ಬಂದ 240 ದಿನಗಳವರೆಗೆ ಅದಕ್ಕೆ ಅರ್ಜಿ ಸಲ್ಲಿಸಬಹುದು. 2022ರಿಂದ ಜಾರಿಯಲ್ಲಿರುವ ಕಾನೂನು, ತುರ್ತು ಚಿಕಿತ್ಸೆಯಲ್ಲಿ ವಿಮಾಪಟ್ಟಿಯ ಹೊರಗಿನವರು ಹಾಕುವ ಅನಿರೀಕ್ಷಿತ ಬಿಲ್‌ಗಳಿಂದ ವಿಮೆಯುಳ್ಳವರಿಗೆ ರಕ್ಷಣೆ ನೀಡುತ್ತದೆ. ರಸ್ತೆಯ ಆಂಬ್ಯುಲೆನ್ಸ್ ಮಾತ್ರ ಅದರ ವ್ಯಾಪ್ತಿಗೆ ಬಂದಿಲ್ಲ. ಕೇಳಿ ಪಡೆಯುವುದರಲ್ಲಿ ಅವಮಾನವೇನಿಲ್ಲ. ಕೇಳದೆ ಹೋದವರೇ ಹೆಚ್ಚು ತೆರುತ್ತಿದ್ದಾರೆ.

ಪ್ರಭು ಯೇಸು ಹೇಳಿದ ಸಮಾರಿಯದವನ ಸಾಮತಿಯಲ್ಲಿ ನಾವು ಗಾಯಕ್ಕೆ ಎಣ್ಣೆ ಸುರಿದ ಕೈಯನ್ನು ನೆನೆಯುತ್ತೇವೆ. ಛತ್ರದವನ ಲೆಕ್ಕವನ್ನು ಮರೆಯುತ್ತೇವೆ. ಆ ಲೆಕ್ಕ ಶುಭಸಂದೇಶದಲ್ಲಿಯೇ ಇದೆ. ಸಮಾರಿಯದವನು ಎರಡು ನಾಣ್ಯ ಕೊಟ್ಟ, ಹೆಚ್ಚಿಗೆ ಖರ್ಚಾದರೆ ಮರಳಿ ಬರುವಾಗ ತಾನೇ ಕೊಡುವೆನೆಂದ. ಆರೈಕೆಗೆ ಖರ್ಚಿದೆಯೆಂಬುದನ್ನು ಪ್ರಭು ಬಚ್ಚಿಡಲಿಲ್ಲ. ಆ ಖರ್ಚನ್ನು ಗಾಯಗೊಂಡವನ ತಲೆಗೆ ಮಾತ್ರ ಕಟ್ಟಲಿಲ್ಲ. ಅಮೆರಿಕದ ಹಲವು ಚರ್ಚುಗಳ ಜನ ಇಂದು ಕಾಣಿಕೆ ಕೂಡಿಸಿ, ಅಪರಿಚಿತರ ಹಳೆಯ ಆಸ್ಪತ್ರೆ ಸಾಲಗಳನ್ನು ವಸೂಲಿಗಾರರಿಂದ ಕೊಂಡು ಮನ್ನಾ ಮಾಡಿಸುತ್ತಿದ್ದಾರೆ. ಇದು ಮೆಚ್ಚತಕ್ಕ ಕಾರ್ಯ. ಆದರೆ ಎಷ್ಟು ಮನ್ನಾ ಮಾಡಿದರೂ ಹೊಸ ಸಾಲ ಹುಟ್ಟುತ್ತಲೇ ಇರುವ ದಾರಿಯಲ್ಲಿ, ದಯೆಯ ಜೊತೆಗೆ ನ್ಯಾಯವೂ ನಡೆಯಬೇಕಾಗುತ್ತದೆ. ಒಬ್ಬನ ಗಾಯದ ಖರ್ಚನ್ನು ಎಲ್ಲರೂ ಹಂಚಿಕೊಳ್ಳುವ ಏರ್ಪಾಡನ್ನು ಕಟ್ಟುವುದು ಆ ಸಿರಿವಂತ ನಾಡಿಗೆ ಅಸಾಧ್ಯವೇನಲ್ಲ. ಅದಕ್ಕೆ ಬೇಕಾದ ಹಣ ಅಲ್ಲಿ ಈಗಾಗಲೇ ಖರ್ಚಾಗುತ್ತಿದೆ, ಬೇಕಾಗಿರುವುದು ಮನಸ್ಸು.