ಲಾಳಿ ಓಡೋದನ್ನ ಆಟದೊಳಗೆ ತರ್ರಿ

ಮನೆಯಲ್ಲೇ ಕೂತು ಕಂಪ್ಯೂಟರ್ ಗೇಮ್ ಮಾಡೋ ನಮ್ಮ ಹುಡುಗರಿಗೆ ಒಂದು ಚಟ. ಶುರುವಿಗೇ ಎರಡು ನಿಮಿಷದ ವಿಡಿಯೋ, ಅದೂ ಯಾವುದೋ ಸಿನಿಮಾದಿಂದ ಎತ್ತಿದ್ದು! ಆಡಲು ಬಂದವನು ಕೈಕಟ್ಟಿ ಕೂರಬೇಕು. ವಿಡಿಯೋ ಬೇಡ ಅಂತಲ್ಲ, ಅದು ಆಡುವವನ ಬೆರಳಿಗೆ ಸಿಗಬೇಕು ಅನ್ನೋದು ನನ್ನ ವಾದ.

ಜೋರ್ಡಾನ್ ಮೆಕ್ನರ್ ತನ್ನ ತಮ್ಮ ಓಡೋದು, ಜಿಗಿಯೋದನ್ನ ವಿಡಿಯೋ ಮಾಡಿ, ಅದನ್ನೇ ಒಂದೊಂದು ಫ್ರೇಮಾಗಿ ನೋಡಿ ಬಿಡಿಸಿ 1989ರಲ್ಲಿ 'ಪ್ರಿನ್ಸ್ ಆಫ್ ಪರ್ಷಿಯಾ' ತಂದ. 2015ರ 'ಹರ್ ಸ್ಟೋರಿ'ಯಲ್ಲಂತೂ ಪೂರ್ತಿ ವಿಡಿಯೋ ತುಣುಕುಗಳೇ, ಪದ ಹಾಕಿ ಹುಡುಕೋದೇ ಆಟ.

ನಮಗೆ ಬೆಟಗೇರಿಯ ಕೈಮಗ್ಗ ಇದೆಯಲ್ರೀ! ಕ್ಯಾಮೆರಾ ಅಲುಗದಂತೆ ನಿಲ್ಲಿಸಿ, ಲಾಳಿ ಆಚೆ ಹೋಗಿ ಈಚೆ ಬಂದಲ್ಲಿಗೆ ಕತ್ತರಿಸಿ. ಲೂಪ್ ತಾನೇ ಕೂಡಿಕೊಳ್ಳುತ್ತದೆ. ಲಾಳಿ ಅಂಚು ಮುಟ್ಟಿದಾಗಲೇ ಕೀಲಿ ಒತ್ತಬೇಕು, ತಪ್ಪಿದರೆ ನೂಲು ಹರಿಯಿತು. ಹರಿದ ನೂಲಿಗೆ ಗಂಟು ಹಾಕೋದನ್ನೂ ಬೇರೆಯಾಗಿ ತೆಗೆದಿಡಿ. (ಗೋಡೋ ಬಳಸೋರು ಎಂಪಿ4 ತುರುಕಬೇಡಿ, ಓಗ್ ಥಿಯೋರಾಕ್ಕೆ ಬದಲಿಸಿಕೊಳ್ಳಿ.)

ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರೋ ಪಟ್ಟೆತಲೆ ಹೆಬ್ಬಾತುಗಳನ್ನೂ ಹೀಗೇ ತೆಗೆದು ಎಣಿಸೋ ಆಟ ಮಾಡಬಹುದು. ಅವಕ್ಕೆ ಗುಂಡು ಹೊಡೆಯೋ ಆಟವಾದರೆ ನಾನಂತೂ ಮುಟ್ಟೋಲ್ಲ :)

ನೇಕಾರರನ್ನ ಕೇಳದೇ ಮಾತ್ರ ಕ್ಯಾಮೆರಾ ಎತ್ತಬೇಡಿ. ನೇಯ್ದಷ್ಟಕ್ಕೇ ಕೂಲಿ ಸಿಗೋ ಜನ, ನಿಮ್ಮ ಇನ್ನೊಂದು ಟೇಕಿಗಾಗಿ ಕೈ ನಿಲ್ಲಿಸಿದರೆ ಆ ಹೊತ್ತಿನ ದುಡ್ಡು ಕೊಡಿ, ಒಪ್ಪಿದರೆ ಹೆಸರೂ ಹಾಕಿ. ಆಟ ತಯಾರಾದ ಮೇಲೆ ಮೊದಲು ಅವರ ಕೈಗೇ ಕೊಡಿ. ತಾಳ ತಪ್ಪಿದ್ದನ್ನ ಅವರಷ್ಟು ಬೇಗ ಹಿಡಿಯೋರು ಯಾರಿದ್ದಾರೆ?